ಗೇಮ್ ಆಡ್ತೀಯಲ್ಲ, ಸ್ವಲ್ಪ ಕಂಪ್ಯೂಟರ್ ನೋಡು ಮಾರಾಯ ಅಂತ ಕರೆದಾಗ ಎಂತ ಮಾಡುದು

ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಲ್ಲಿ ಯಾರ ಮನೆಯ ಪ್ರಿಂಟರ್ ನಿಂತ್ರೂ ಬೆಲ್ ಆಗುದು ನಮ್ಮ ಮನೆದ್ದು. ನಾನು ಎಂಟನೇ ಕ್ಲಾಸಿಂದ ಗೇಮ್ ಆಡ್ತಿದ್ದೆ, ರಾತ್ರಿ ಹನ್ನೆರಡಕ್ಕೂ ನಮ್ಮ ಕಿಟಕಿಯಲ್ಲಿ ಮಾನಿಟರ್ ಬೆಳಕು ಕಾಣ್ತಿತ್ತು, ಅಷ್ಟು ಸಾಕಾಯ್ತು, ಅವ ಇಡೀ ದಿನ ಕಂಪ್ಯೂಟರ್ ಎದುರೇ ಇರುದು ಅವನಿಗೆ ಎಲ್ಲ ಗೊತ್ತುಂಟು ಅಂತ ಆಂಟಿಯವರೆಲ್ಲ ತೀರ್ಮಾನ ಮಾಡಿಬಿಟ್ರು. ಇವತ್ತು ಬಿಜಿಎಂಐ ಆಡುವ, ವ್ಯಾಲರಂಟ್ ಆಡುವ ಮಕ್ಕಳಿಗೆ ಅದೇ ಆಗ್ತಾ ಉಂಟು. ಕರೆಸಿಕೊಳ್ಳುವ ಮಕ್ಕಳಿಗೂ ಕರೆಯುವ ಹಿರಿಯರಿಗೂ ಕೆಲಸಕ್ಕೆ ಬರ್ಲಿ ಅಂತ ಇದನ್ನು ಬರೀತಾ ಇದ್ದೇನೆ, ಈಗ ನಾನು ಐರೋಲಿಯಲ್ಲಿ ಒಂದು ಆಫೀಸಿನ ಐಟಿ ಸಪೋರ್ಟಲ್ಲಿ ಇದ್ದೇನೆ, ಆದ್ರೆ ಕಲಿತದ್ದು ಗೇಮಿಂದ ಅಲ್ಲ, ಒಂದು ದೊಡ್ಡ ತಪ್ಪಿಂದ.

ಆ ತಪ್ಪು ಮೊದಲು ಹೇಳ್ತೇನೆ. 2015, ನನಗೆ ಹತ್ತೊಂಬತ್ತು, ಬಿಕಾಂ ಎರಡನೇ ವರ್ಷ. ಅಮ್ಮನ ಕಡೆಯ ಒಬ್ರು ಮಾವನದ್ದು ಥಾಣೆಯಲ್ಲಿ ಸಣ್ಣ ಹೋಟೆಲ್, ಗಲ್ಲಾದ ಹಿಂದೆ ಒಂದು ಹಳೆ ಕಂಪ್ಯೂಟರ್, ಅದರಲ್ಲಿ ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿ. ತುಂಬ ಸ್ಲೋ ಆಗಿದೆ ಮಾರಾಯ ನೀನೊಮ್ಮೆ ನೋಡು ಅಂದ್ರು. ನಾನು ನನ್ನ ಪಿಸಿಗೆ ಮೂರು ಸಲ ವಿಂಡೋಸ್ ಹಾಕಿದ್ದವ, ಆ ಧೈರ್ಯದಲ್ಲಿ ಫಾರ್ಮ್ಯಾಟ್ ಮಾಡಿದ್ರೆ ಸರಿಯಾಗ್ತದೆ ಮಾವ ಅಂದೆ. ಡೆಸ್ಕ್‌ಟಾಪಲ್ಲಿ ಇದ್ದದ್ದು, ಫೋಟೋ, ಡಾಕ್ಯುಮೆಂಟ್ಸ್ ಎಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ, ಸಿ ಡ್ರೈವ್ ಅಳಿಸಿದೆ, ವಿಂಡೋಸ್ ಹಾಕಿದೆ, ಕಂಪ್ಯೂಟರ್ ಚುರುಕಾಯ್ತು, ಮಾವ ಖುಷಿಯಲ್ಲಿ ಮಸಾಲೆ ದೋಸೆ ತರಿಸಿದ್ರು. ದೋಸೆ ಅರ್ಧ ಆಗುವಾಗ ಅವರು ಟ್ಯಾಲಿ ಎಲ್ಲುಂಟು ಕೇಳಿದ್ರು. ಟ್ಯಾಲಿಯ ಲೆಕ್ಕ ಡಾಕ್ಯುಮೆಂಟ್ಸಲ್ಲಿ ಇರುದಿಲ್ಲ, ಸಿ ಡ್ರೈವಿನಲ್ಲಿ ಅದರದ್ದೇ ಫೋಲ್ಡರ್, ಅದರೊಳಗೆ ಡೇಟಾ ಅಂತ ಇನ್ನೊಂದು, ಅದರೊಳಗೆ 10000 ಅಂತ ಬರೀ ನಂಬರಿನ ಹೆಸರಿನ ಫೋಲ್ಡರ್, ಅಲ್ಲಿ ಇರುದು. ನಾನು ಅದನ್ನು ನೋಡಿದ್ದೂ ಇಲ್ಲ. ಹದಿನಾಲ್ಕು ತಿಂಗಳ ಲೆಕ್ಕ ಹೋಯ್ತು. ಮಾವ ಒಂದು ಮಾತು ಬೈಲಿಲ್ಲ, ಬಿಲ್ಲಿನ ಕಟ್ಟುಗಳನ್ನು ಅಟ್ಟದಿಂದ ಇಳಿಸಿ ಹೋಟೆಲ್ ಮುಚ್ಚಿದ ಮೇಲೆ ರಾತ್ರಿ ಕೂತ್ರು, ಹನ್ನೊಂದು ರಾತ್ರಿ ನಾನೂ ಪಕ್ಕದಲ್ಲಿ ಕೂತು ಒಂದೊಂದೇ ಎಂಟ್ರಿ ಓದಿ ಹೇಳಿದೆ. ತರಕಾರಿಯವನ ಚೀಟಿಯಲ್ಲಿ ಪೆನ್ಸಿಲಲ್ಲಿ ಬರೆದ ನಂಬರ್ ಅಳಿಸಿ ಹೋಗಿತ್ತು, ಟ್ಯೂಬ್‌ಲೈಟಿಗೆ ಹಿಡಿದು ನೋಡ್ಬೇಕಿತ್ತು, 340ಆ 840ಆ ಅಂತ ಇಬ್ರೂ ಯೋಚನೆ ಮಾಡುದು.

ಹಾಗಾಗಿ ಯಾರು ಕರೆದ್ರೂ ಮೊದಲ ಕೆಲಸ ಮೌಸ್ ಹಿಡಿಯುದಲ್ಲ, ಕೇಳುದು. ಯಾವಾಗಿಂದ ಹೀಗಾಯ್ತು, ಅದಕ್ಕೆ ಮೊದಲು ಹೊಸತಾಗಿ ಎಂತದ್ದಾದ್ರೂ ಹಾಕಿದ್ರಾ, ಮತ್ತೆ ಎಲ್ಲಕ್ಕಿಂತ ದೊಡ್ಡದು, ಇದರಲ್ಲಿ ಯಾವುದು ಕಳೆದು ಹೋದ್ರೆ ನಿಮಗೆ ಕಷ್ಟ ಆಗ್ತದೆ. ಈ ಕೊನೆಯ ಪ್ರಶ್ನೆ ಕೇಳಿದ್ರೆ ಜನ ಯೋಚಿಸ್ತಾರೆ, ಆಗ ಟ್ಯಾಲಿ ಹೊರಗೆ ಬರ್ತದೆ, ಮಗಳ ಮದುವೆ ವಿಡಿಯೋ ಹೊರಗೆ ಬರ್ತದೆ, ಬ್ರೌಸರಲ್ಲಿ ಸೇವ್ ಆಗಿರುವ ಪಾಸ್‌ವರ್ಡ್, ಔಟ್‌ಲುಕ್‌ನ ಹಳೆ ಮೇಲ್ ಫೈಲ್, ಸಿಎ ಹಾಕಿಕೊಟ್ಟ ಡಿಜಿಟಲ್ ಸಿಗ್ನೇಚರ್ ಸಾಫ್ಟ್‌ವೇರ್, ಇದೆಲ್ಲ ಡೆಸ್ಕ್‌ಟಾಪ್ ಮೇಲೆ ಕಾಣುದಿಲ್ಲ. ಅದನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ಕಾಪಿ ಆದ ಮೇಲೆ ಬೇರೆ ಕಂಪ್ಯೂಟರಲ್ಲಿ ತೆರೆದು ನೋಡಿ, ತೆರೆಯದ ಕಾಪಿ ಇದ್ದೂ ಇಲ್ಲದ ಹಾಗೆ. ಅಕಸ್ಮಾತ್ ಅಳಿಸಿಯೇ ಹೋಯ್ತು ಅಂತಾದ್ರೆ ಆ ಕ್ಷಣಕ್ಕೆ ಮಷಿನ್ ಆಫ್ ಮಾಡಿ ಅದಕ್ಕೆ ಏನೂ ಹೊಸತು ಹಾಕ್ಬೇಡಿ, ಹಾರ್ಡ್ ಡಿಸ್ಕಲ್ಲಿ ಅಳಿಸಿದ್ದು ಅದರ ಮೇಲೆ ಬೇರೆ ಬರೆಯುವ ತನಕ ಸಿಗುವ ಸಾಧ್ಯತೆ ಉಂಟು, ಎಸ್‌ಎಸ್‌ಡಿಯಲ್ಲಿ, ಅಂದ್ರೆ ಚಿಪ್ಪಲ್ಲಿ ಡೇಟಾ ಇಡುವ ಹೊಸ ನಮೂನೆಯ ಡಿಸ್ಕಲ್ಲಿ, ಆ ಸಾಧ್ಯತೆ ತುಂಬ ಕಮ್ಮಿ. ನಾನು ಮಾವನ ಡಿಸ್ಕಿನ ಮೇಲೆ ವಿಂಡೋಸನ್ನೇ ಬರೆದಿದ್ದೆ.

ಈ ನಂಬಿಕೆ ಎಲ್ಲಿಂದ ಬಂತು ಅಂತಲೂ ಗೊತ್ತಿದ್ರೆ ಒಳ್ಳೆದು, ಯಾಕಂದ್ರೆ ಅದು ಪೂರ್ತಿ ಸುಳ್ಳಲ್ಲ, ಒಂದು ಕಾಲದಲ್ಲಿ ನಿಜವೇ ಆಗಿತ್ತು. ತೊಂಬತ್ತರ ದಶಕದ ಮೊದಲಿಗೆ ಡಾಸ್ ಇತ್ತಲ್ಲ, ಕಮಾಂಡ್ ಟೈಪ್ ಮಾಡಿ ನಡೆಸುವ ಹಳೆ ಆಪರೇಟಿಂಗ್ ಸಿಸ್ಟಮ್, ಆಗ ಒಂದು ಗೇಮ್ ಓಡ್ಬೇಕಾದ್ರೆ 640 ಕೆಬಿ ಮೆಮೊರಿಯಲ್ಲಿ ಜಾಗ ಮಾಡಿ ಕೊಡ್ಬೇಕಿತ್ತು, ಅದಕ್ಕೆ ಕಾನ್ಫಿಗ್ ಡಾಟ್ ಸಿಸ್, ಆಟೋಎಕ್ಸೆಕ್ ಡಾಟ್ ಬ್ಯಾಟ್ ಅನ್ನುವ ಎರಡು ಫೈಲ್ ಕೈಯಾರೆ ತಿದ್ದಬೇಕು, ಬೇಡದ ಡ್ರೈವರ್ ತೆಗೆಯಬೇಕು, ಕೆಲವ್ರು ಗೇಮಿಗೆ ಅಂತಲೇ ಬೇರೆ ಬೂಟ್ ಫ್ಲಾಪಿ ಇಟ್ಟುಕೊಳ್ತಿದ್ರು. 1993ರಲ್ಲಿ ಡೂಮ್ ಅನ್ನುವ ಗೇಮ್ ಬಂದಾಗಲೂ ಶಬ್ದ ಬರ್ಬೇಕಾದ್ರೆ ಸೌಂಡ್ ಕಾರ್ಡಿನ ಐಆರ್‌ಕ್ಯೂ ನಂಬರ್, ಅಂದ್ರೆ ಅದು ಪ್ರೊಸೆಸರನ್ನು ಕರೆಯುವ ಲೈನಿನ ನಂಬರ್, ಸರಿ ಇರ್ಬೇಕಿತ್ತು. ಆಗ ಗೇಮ್ ಆಡಿದವ ಒತ್ತಾಯಕ್ಕಾದ್ರೂ ಕಂಪ್ಯೂಟರಿನ ಹೊಟ್ಟೆ ನೋಡಿಯೇ ನೋಡ್ತಿದ್ದ. ಆಮೇಲೆ ವಿಂಡೋಸ್ 95 ಬಂತು, ಹಾರ್ಡ್‌ವೇರನ್ನು ತಾನೇ ಗುರುತಿಸ್ಲಿಕ್ಕೆ ಶುರುವಾಯ್ತು, 2003ರಲ್ಲಿ ಗೇಮ್ ಇಳಿಸಿಕೊಡುವ ಸ್ಟೀಮ್ ಅನ್ನುವ ಸಾಫ್ಟ್‌ವೇರ್ ಬಂತು, ಈಗ ಒಂದು ಬಟನ್ ಒತ್ತಿದ್ರೆ ಗೇಮ್ ಇಳೀತದೆ, ಅದಕ್ಕೆ ಬೇಕಾದ ಬಾಕಿ ಸಾಮಾನೂ ಇಳೀತದೆ, ಅಪ್‌ಡೇಟ್ ಸಹ ತಾನೇ ಆಗ್ತದೆ. ಫೋನಲ್ಲಿ, ಪ್ಲೇಸ್ಟೇಷನಲ್ಲಿ ಅಂತೂ ಫೈಲ್ ಅನ್ನುದೇ ಕಣ್ಣಿಗೆ ಬೀಳುದಿಲ್ಲ. ಇದರಲ್ಲಿ ಮಕ್ಕಳ ತಪ್ಪೇನಿಲ್ಲ, ಗೇಮ್ ಸುಲಭ ಆಗ್ಬೇಕು ಅಂತಲೇ ಎಲ್ರೂ ಕೆಲಸ ಮಾಡಿದ್ದು. ಆದ್ರೆ ಜನರ ನಂಬಿಕೆ ಮಾತ್ರ ಡಾಸ್ ಕಾಲದಲ್ಲೇ ನಿಂತಿದೆ.

ಅದಕ್ಕೆ ಹಿರಿಯರು ಕೇಳ್ಬೇಕಾದ ಪ್ರಶ್ನೆ, ಗೇಮ್ ಆಡ್ತೀಯಾ ಅಂತಲ್ಲ, ಎಂತದರಲ್ಲಿ ಆಡ್ತೀ, ಅದು ಕೆಟ್ಟರೆ ಯಾರು ಸರಿ ಮಾಡುದು ಅಂತ. ಫೋನಲ್ಲಿ ಆಡುವವ ನಿಮ್ಮ ಆಫೀಸ್ ಲ್ಯಾಪ್‌ಟಾಪಿನ ವಿಷಯದಲ್ಲಿ ನಿಮ್ಮಷ್ಟೇ ಹೊಸಬ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಗ್ರಾಂಟ್ ರೋಡ್ ಸ್ಟೇಷನಲ್ಲಿ ಇಳಿದು ನಾಲ್ಕು ಅಂಗಡಿ ಸುತ್ತಿ, ಪ್ರೊಸೆಸರ್ ಬೇರೆ ಬೋರ್ಡ್ ಬೇರೆ ತಗೊಂಡು ಮನೆಯಲ್ಲಿ ಜೋಡಿಸಿದವನಿಗೆ ಹಾರ್ಡ್‌ವೇರ್ ಗೊತ್ತಿರ್ತದೆ, ರ್ಯಾಮ್ ಹಾಕಿಕೊಡು ಅಂದ್ರೆ ಹಾಕಿಕೊಡ್ತಾನೆ. ಅವನಿಗೂ ಟ್ಯಾಲಿ ಗೊತ್ತಿರ್ಬೇಕು ಅಂತಿಲ್ಲ.

ಮತ್ತೆ ಗೇಮ್ ಆಡುವವ್ರಿಗೆ ನಿಜವಾಗಿಯೂ ಗೊತ್ತಿರುದು ಕೆಲವುಂಟು, ಅದನ್ನು ಗೌರವದಿಂದ ಹೇಳ್ಬೇಕು. 60 ಹರ್ಟ್ಸ್ ಸ್ಕ್ರೀನಿಗೂ, ಅಂದ್ರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಯಿಸುವ ಸ್ಕ್ರೀನಿಗೂ, 144 ಹರ್ಟ್ಸಿಗೂ ವ್ಯತ್ಯಾಸ ಅವ್ರಿಗೆ ಕಣ್ಣಲ್ಲೇ ಗೊತ್ತಾಗ್ತದೆ. ಪಿಂಗ್ ಗೊತ್ತು, ಅಂದ್ರೆ ನಮ್ಮ ಮನೆಯಿಂದ ಹೊರಟ ಸುದ್ದಿ ಸರ್ವರ್ ಮುಟ್ಟಿ ವಾಪಸ್ ಬರ್ಲಿಕ್ಕೆ ಎಷ್ಟು ಮಿಲಿಸೆಕೆಂಡ್ ಅಂತ. ಇದು ಮನೆಯಲ್ಲಿ ಕೆಲಸಕ್ಕೆ ಬರುವ ಜ್ಞಾನ. ಸ್ಪೀಡ್ ಟೆಸ್ಟಲ್ಲಿ ನೂರು ಎಂಬಿಪಿಎಸ್ ತೋರಿಸ್ತದೆ ಆದ್ರೂ ಅಪ್ಪನ ವಿಡಿಯೋ ಕಾಲ್ ತುಂಡಾಗ್ತದೆ ಅಂದ್ರೆ ಗೇಮ್ ಆಡುವ ಮಗನೇ ಹೇಳಿಯಾನು, ಸ್ಪೀಡ್ ಉಂಟು ಪಿಂಗ್ ಜಿಗಿಯುದು ಅಂತ, ರೌಟರ್ ಟಿವಿ ಹಿಂದಿಂದ ತೆಗೆದು ಹಾಲ್‌ನ ಮಧ್ಯಕ್ಕೆ ಇಡಿ, ಹತ್ತಿರ ಇದ್ರೆ 5 ಗಿಗಾಹರ್ಟ್ಸ್ ವೈಫೈ, ಗೋಡೆ ಆಚೆ ಇದ್ರೆ 2.4 ಅಂತ. ಇಂಥದ್ದಕ್ಕೆ ಧೈರ್ಯವಾಗಿ ಕರೀರಿ.

ಕರೆಸಿಕೊಂಡವ್ರು ಧೈರ್ಯವಾಗಿ ಮಾಡಬಹುದಾದ ಬಾಕಿ ಕೆಲಸ ಹೇಳ್ತೇನೆ. ಒಂದು ರೀಸ್ಟಾರ್ಟ್. ಶಟ್ ಡೌನ್ ಮಾಡಿ ಮತ್ತೆ ಆನ್ ಮಾಡಿದೆ ಅಂತಾರೆ ಜನ, ಅದು ಸಾಕಾಗುದಿಲ್ಲ, ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಬಂದಿದೆ, ಅದು ಆನ್ ಇದ್ರೆ ಶಟ್ ಡೌನಲ್ಲಿ ಒಳಗಿನ ಸ್ಥಿತಿಯನ್ನು ಡಿಸ್ಕಲ್ಲಿ ಉಳಿಸಿ ಮರುದಿನ ಅದನ್ನೇ ತೆರೀತದೆ, ರೀಸ್ಟಾರ್ಟ್ ಕೊಟ್ರೆ ಮಾತ್ರ ಪೂರ್ತಿ ಹೊಸತಾಗಿ ಶುರು. ಪ್ರಿಂಟರ್ ನಿಂತಿದ್ರೆ ಮೊದಲು ಕೇಬಲ್ ಮತ್ತು ಪೇಪರ್ ನೋಡಿ, ಆಮೇಲೆ ಕ್ಯೂನಲ್ಲಿ ಸಿಕ್ಕಿಬಿದ್ದ ಹಳೆ ಪ್ರಿಂಟ್ ತೆಗೀರಿ, ಆಗ್ಲೂ ಆಗದಿದ್ರೆ ವಿಂಡೋಸಿನ ಸರ್ವಿಸಸ್ ಪಟ್ಟಿ ತೆರೆದು, ಪ್ರಿಂಟುಗಳನ್ನು ಸಾಲಲ್ಲಿ ಇಟ್ಟು ಕಳಿಸುವ ಪ್ರಿಂಟ್ ಸ್ಪೂಲರನ್ನು ರೀಸ್ಟಾರ್ಟ್ ಮಾಡಿ, ನಮ್ಮ ಬಿಲ್ಡಿಂಗಿನ ಹೆಚ್ಚಿನ ಪ್ರಿಂಟರ್ ಇಷ್ಟಕ್ಕೇ ಎದ್ದು ಕೂತಿವೆ. ಸಿ ಡ್ರೈವ್ ತುಂಬಿದ್ದಾ ನೋಡಿ. ಎರರ್ ಬಂದ್ರೆ ಓಕೆ ಒತ್ತುವ ಮೊದಲು ಫೋನಲ್ಲಿ ಫೋಟೋ ತೆಗೀರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದು ಚೀಟಿಯಲ್ಲಿ ಬರೆದುಕೊಂಡು, ಸರಿಯಾಗದಿದ್ರೆ ಅದನ್ನು ವಾಪಸ್ ಮಾಡಿ ಇನ್ನೊಂದಕ್ಕೆ ಹೋಗುದು. ಐದು ಒಟ್ಟಿಗೆ ಬದಲಾಯಿಸಿದ್ರೆ ಯಾವುದು ಕೆಡಿಸಿತು ಯಾವುದು ಸರಿ ಮಾಡಿತು ದೇವರಿಗೇ ಗೊತ್ತು.

ಮುಟ್ಟಲೇಬಾರದ್ದು ಬಯಾಸ್, ಅಂದ್ರೆ ವಿಂಡೋಸ್ ಶುರುವಾಗುವ ಮೊದಲೇ ಓಡುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್. ಇದನ್ನು ವ್ಯಾಲರಂಟ್ ಆಡುವ ಮಕ್ಕಳಿಗೆ ಒತ್ತಿ ಹೇಳ್ತೇನೆ, ಯಾಕಂದ್ರೆ ವಿಂಡೋಸ್ 11ರಲ್ಲಿ ಆ ಗೇಮಿಗೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಸುರಕ್ಷತೆಯ ಸೆಟ್ಟಿಂಗ್ ಎರಡೂ ಆನ್ ಇರ್ಬೇಕು, ಹಾಗಾಗಿ ಎಲ್ರೂ ಒಂದು ವಿಡಿಯೋ ನೋಡಿ ಬಯಾಸಿಗೆ ಹೋಗಿ ಬದಲಾಯಿಸಿದವ್ರೇ, ಅದರಿಂದ ಬಯಾಸ್ ಗೊತ್ತು ಅಂತ ಒಂದು ಭಾವನೆ ಬಂದಿದೆ. ನಿಮ್ಮದರಲ್ಲಿ ಮಾಡಿಕೊಳ್ಳಿ. ಬೇರೆಯವ್ರ ಲ್ಯಾಪ್‌ಟಾಪಲ್ಲಿ ಅದೇ ಸೆಟ್ಟಿಂಗ್ ಮುಟ್ಟಿದ್ರೆ ಮರುಕ್ಷಣ ನೀಲಿ ಪರದೆಯಲ್ಲಿ, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು, ಆ ಕೀ ಯಾರದ್ದೋ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇರ್ತದೆ, ಯಾವ ಇಮೇಲ್ ಹಾಕಿದ್ದು ಅಂತ ಅಂಕಲಿಗೆ ನೆನಪಿರುದಿಲ್ಲ, ಕೀ ಇಲ್ಲದೆ ಡಿಸ್ಕ್ ತೆರೆಯುದಿಲ್ಲ. ಅದು ಬಾಗಿಲು ಒಳಗಿಂದ ಚಿಲಕ ಬಿದ್ದ ಹಾಗೆ. ಅಂಕಲಿಗೆ ಉಪಕಾರ ಮಾಡ್ಬೇಕಿದ್ರೆ ಲ್ಯಾಪ್‌ಟಾಪ್ ಸರಿ ಇರುವಾಗಲೇ ಅವ್ರ ಒಟ್ಟಿಗೆ ಕೂತು ಆ ಅಕೌಂಟಿಗೆ ಲಾಗಿನ್ ಆಗಿ ಕೀ ಹುಡುಕಿ ಕಾಗದದಲ್ಲಿ ಬರೆದು ಕಪಾಟಿನಲ್ಲಿ ಇಡಿಸಿ.

ಮತ್ತೆ ಬ್ಯಾಂಕ್. ನೆಟ್‌ಬ್ಯಾಂಕಿಂಗ್, ಓಟಿಪಿ, ಆಧಾರ್ ಲಾಗಿನ್ ಮಕ್ಕಳ ಕೈಗೆ ಕೊಡ್ಬೇಡಿ, ಮಕ್ಕಳೂ ತಗೊಳ್ಬೇಡಿ. ದೂರದಿಂದ ಸ್ಕ್ರೀನ್ ನೋಡುವ ಆ್ಯಪ್ ಹಾಕಿಸಿ ದುಡ್ಡು ತೆಗೆಯುವ ಮೋಸ ನಡೀತಾ ಉಂಟು, ಅಂಥದ್ದೇನಾದ್ರೂ ಆದ ಸಂಶಯ ಬಂದ್ರೆ ಗೇಮ್ ಆಡುವ ಹುಡುಗನನ್ನು ಕಾಯ್ತಾ ಕೂರ್ಬೇಡಿ, ಆ ಕೂಡ್ಲೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.

ಇನ್ನೊಂದು ಘಟನೆ ಹೇಳದೆ ಇರ್ಲಿಕ್ಕೆ ಆಗುದಿಲ್ಲ, ನಮ್ಮ ಕನ್ನಡದವರ ಮಧ್ಯದ್ದೇ. ಇಲ್ಲಿಯ ಒಂದು ಕನ್ನಡ ಸಂಘದ ರಾಜ್ಯೋತ್ಸವದ ಆಮಂತ್ರಣ, ಮಾಷ್ಟ್ರು ಒಬ್ರು ಹಳೆ ಕಂಪ್ಯೂಟರಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಇಟ್ಟದ್ದು, ಹೊಸ ಲ್ಯಾಪ್‌ಟಾಪಲ್ಲಿ ತೆರೆದ್ರೆ ಕನ್ನಡ ಒಂದಕ್ಷರ ಇಲ್ಲ, ಇಡೀ ಪುಟ ಇಂಗ್ಲಿಷ್ ಅಕ್ಷರ, ಚಿಹ್ನೆ, ಕೊಂಬು ಬಾಲ. ಮೇಲಿನ ಮಹಡಿಯ ಹದಿನಾರರ ಹುಡುಗನನ್ನು ಕರೆದ್ರು, ಗೇಮಲ್ಲಿ ಬಹಳ ಹುಷಾರು ಹುಡುಗ, ಅವ ಪಾಪ ಕನ್ನಡ ಓದುವವನೂ ಅಲ್ಲ, ವೈರಸ್ ಬಂದಿದೆ ಅಂಕಲ್ ಫಾರ್ಮ್ಯಾಟ್ ಮಾಡ್ಬೇಕು ಅಂದ. ಪುಣ್ಯಕ್ಕೆ ಆ ಮಾತು ಕೇಳುವಾಗ ನಾನು ಮೆಟ್ಟಿಲಲ್ಲಿ ಇದ್ದೆ. ಹಳೆ ನುಡಿ, ಬರಹ ಸಾಫ್ಟ್‌ವೇರ್‌ಗಳ ಫಾಂಟ್‌ಗಳು ಯೂನಿಕೋಡ್, ಅಂದ್ರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ನಂಬರ್ ಕೊಡುವ ಕ್ರಮ, ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್, ಆ ಫಾಂಟ್ ಇಲ್ಲದ ಮಷಿನಲ್ಲಿ ಅಡಿಯಲ್ಲಿರುವ ಇಂಗ್ಲಿಷ್ ಅಕ್ಷರವೇ ಕಾಣುದು. ಫಾಂಟ್ ಹಾಕಿದ ಕೂಡ್ಲೆ ಕನ್ನಡ ಬಂತು, ಆಮೇಲೆ ಕನ್ವರ್ಟರಲ್ಲಿ ಹಾಕಿ ಯೂನಿಕೋಡ್ ಮಾಡಿ ಕೊಟ್ಟೆ, ಒತ್ತಕ್ಷರ ಒಂದೆರಡು ಕಡೆ ತಪ್ಪಿತ್ತು, ಮಾಷ್ಟ್ರೇ ಕೂತು ತಿದ್ದಿದ್ರು. ನಿಮ್ಮ ಮನೆಯಲ್ಲೂ ಹಳೆ ಕನ್ನಡ ಫೈಲ್ ಇದ್ರೆ ಇದನ್ನು ನೆನಪಿಡಿ. ಆ ಹುಡುಗನಿಗೆ ನಾನು ಮೆಟ್ಟಿಲಲ್ಲಿ ಕೂರಿಸಿ ಹೇಳಿದ್ದು ಒಂದೇ, ಗೊತ್ತಿಲ್ಲ ಅಂತ ಹೇಳು ತಮ್ಮಾ, ನನಗೆ ಗೊತ್ತಿಲ್ಲ ಅಂಕಲ್ ಆದ್ರೆ ಗೊತ್ತಿರುವವ್ರನ್ನು ಕೇಳಿ ಹೇಳ್ತೇನೆ ಅಂದ್ರೆ ನಿನ್ನ ಮರ್ಯಾದೆ ಒಂದು ತೂಕ ಹೆಚ್ಚೇ ಆಗ್ತದೆ ಅಂತ. ಈ ವಾಕ್ಯ ಬಾಯಿಪಾಠ ಮಾಡಿ, ಬಾಯಿಗೆ ಬರುದೇ ಕಷ್ಟ, ಹತ್ತು ಜನ ಸುತ್ತ ನಿಂತು ಇವ ಮಾಡ್ತಾನೆ ನೋಡಿ ಅನ್ನುವಾಗ ಗೊತ್ತಿಲ್ಲ ಅನ್ನಲಿಕ್ಕೆ ನನಗೂ ಆಗಿರ್ಲಿಲ್ಲ.

ನನಗೆ ಎಲ್ಲಕ್ಕಿಂತ ಬೇಜಾರಾಗುದು ಇನ್ನೊಂದು ವಿಷಯಕ್ಕೆ. ನನ್ನ ದೊಡ್ಡಮ್ಮನ ಮಗಳು ಪುಣೆಯ ಹಿಂಜೆವಾಡಿಯಲ್ಲಿ ನೆಟ್‌ವರ್ಕ್ ಇಂಜಿನಿಯರ್, ಒಂದು ಆಫೀಸಿನ ಇಡೀ ನೆಟ್‌ವರ್ಕ್ ಅವಳ ಕೈಯಲ್ಲಿ ಉಂಟು, ಗೇಮ್ ಆಡುದಿಲ್ಲ. ಗಣೇಶ ಚೌತಿಗೆ ಮನೆಗೆ ಬಂದಾಗ ವೈಫೈ ನಿಂತಿತು, ಎಲ್ರೂ ಕರೆದದ್ದು ಒಂಬತ್ತನೇ ಕ್ಲಾಸಿನ ಅವಳ ತಮ್ಮನನ್ನು. ಅವಳು ಒಳಗೆ ಕೊಟ್ಟೆ ಕಡುಬಿಗೆ ಎಲೆ ಕಟ್ತಾ ಕೂತಿದ್ಲು, ಯಾರೂ ಅವಳ ಹತ್ರ ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ, ಅರ್ಧ ಗಂಟೆ ನಂತರ ಕೈ ತೊಳೆದು ಬಂದು ರೌಟರಿನ ಕೇಬಲ್ ತಪ್ಪು ಪೋರ್ಟಲ್ಲಿ ಇದ್ದದ್ದನ್ನು ಬದಲಾಯಿಸಿ ಹೋದ್ಲು. ಹುಡುಗರು ಗೇಮ್ ಆಡ್ತಾರೆ ಹಾಗಾಗಿ ಅವ್ರಿಗೆ ಕಂಪ್ಯೂಟರ್ ಬರ್ತದೆ ಅನ್ನುವಾಗ ಮನೆಯಲ್ಲೇ ಇರುವ ನಿಜವಾದ ಜಾಣೆ ಹೀಗೆ ಕಾಣದೆ ಹೋಗ್ತಾಳೆ. ನಿಮ್ಮ ಮನೆಯಲ್ಲಿ ಯಾರು ಏನು ಕೆಲಸ ಮಾಡ್ತಾರೆ ಅಂತ ಒಮ್ಮೆ ಸರಿಯಾಗಿ ಕೇಳಿ ನೋಡಿ.

ಹನ್ನೆರಡನೆಯದು ಮುಗಿಸಿ ಸಿಇಟಿ ಬರೆದ ಮಕ್ಕಳ ಅಪ್ಪ ಅಮ್ಮಂದಿರಿಗೆ, ಗೇಮ್ ಆಡ್ತಾನೆ ಅಂತ ಕಂಪ್ಯೂಟರ್ ಇಂಜಿನಿಯರಿಂಗ್ ಹಾಕ್ಬೇಡಿ. ಅಲ್ಲಿ ಇರುದು ಗಣಿತ, ಡೇಟಾ ಸ್ಟ್ರಕ್ಚರ್, ಕೋಡ್, ಗಂಟೆಗಟ್ಲೆ ತಪ್ಪು ಹುಡುಕುವ ತಾಳ್ಮೆ. ಅದು ಮಗನಿಗೆ ಇಷ್ಟವಾ ಅಂತ ತಿಳಿಯಲಿಕ್ಕೆ ಒಂದು ಒಳ್ಳೆ ದಾರಿ ಉಂಟು, ಗೇಮಿನ ಒಳಗಿಂದಲೇ. ಮೈನ್‌ಕ್ರಾಫ್ಟ್ ಗೇಮಿನ ಜಾವಾ ಆವೃತ್ತಿ ಆಡುವವನಾದ್ರೆ ಗೆಳೆಯರಿಗಾಗಿ ತನ್ನದೇ ಸರ್ವರ್, ಅಂದ್ರೆ ಎಲ್ರೂ ಬಂದು ಸೇರಿ ಆಡುವ ಜಾಗ, ಹಾಕ್ಲಿಕ್ಕೆ ಹೇಳಿ. ಮೊದಲ ಸಲ ಸರ್ವರ್ ಫೈಲ್ ಓಡಿಸಿದ್ರೆ ಅದು ನಿಂತು ಹೋಗ್ತದೆ, ಯೂಲಾ ಅನ್ನುವ, ಬಳಕೆಯ ಕರಾರಿಗೆ ಒಪ್ಪಿಗೆ ಕೊಡುವ ಟೆಕ್ಸ್ಟ್ ಫೈಲಲ್ಲಿ ಫಾಲ್ಸ್ ಇದ್ದದ್ದನ್ನು ಟ್ರೂ ಮಾಡ್ಬೇಕು, ಆಮೇಲೆ ಎಷ್ಟು ರ್ಯಾಮ್ ಕೊಡ್ಬೇಕು ಹೇಳ್ಬೇಕು, ಸರ್ವರ್ ಪ್ರಾಪರ್ಟೀಸ್ ಫೈಲ್ ಓದ್ಬೇಕು, ರೌಟರಿನ ಸೆಟ್ಟಿಂಗಲ್ಲಿ 25565 ನಂಬರಿನ ಪೋರ್ಟ್, ಅಂದ್ರೆ ಹೊರಗಿನವ್ರು ಒಳಗೆ ಬರುವ ದಾರಿ, ತೆರೀಬೇಕು, ಅಷ್ಟೆಲ್ಲ ಮಾಡಿದ್ರೂ ಗೆಳೆಯ ಒಳಗೆ ಬರ್ಲಿಕ್ಕೆ ಆಗದಿದ್ರೆ ನಮ್ಮ ಇಂಟರ್ನೆಟ್‌ನವ್ರು ಒಂದೇ ಐಪಿ ವಿಳಾಸವನ್ನು ಹಲವು ಮನೆಗೆ ಹಂಚಿದ್ದಾರಾ ಅಂತ ಹುಡುಕ್ಬೇಕು. ಎರಡು ವಾರ ಕೊಡಿ. ಗೆಳೆಯರು ಒಳಗೆ ಬಂದ ಮೇಲೆ ಅವ ಆಡ್ಲಿಕ್ಕೆ ಹೋದ್ರೆ ಅವ ಆಟಗಾರ, ಅದೂ ಚಂದವೇ, ಆಟ ಆಡ್ಲಿ. ಆಡುದು ಬಿಟ್ಟು ಸರ್ವರ್ ಯಾಕೆ ನಿಧಾನ ಆಯ್ತು ಅಂತ ಅದು ಬರೆದಿಟ್ಟ ಲಾಗ್ ಫೈಲ್ ಓದ್ತಾ ಕೂತ್ರೆ, ಆಗ ಕಂಪ್ಯೂಟರ್ ಬ್ರಾಂಚ್ ಬಗ್ಗೆ ಮಾತಾಡಿ.

ರಿಪೇರಿಗೆ ಹೊರಗೆ ಕೊಡುದಾದ್ರೂ ಮೇಲೆ ಹೇಳಿದ ಕಾಪಿ ಮೊದಲು, ಅಕೌಂಟ್‌ಗಳಿಂದ ಲಾಗೌಟ್ ಆಗಿ, ಎಷ್ಟು ಖರ್ಚು ಅಂತ ಬರೆಸಿಕೊಂಡು ಕೊಡಿ. ಹುಡುಗನಿಂದ ಮಾಡಿಸಿದ್ರೆ ಅವನ ಭಾನುವಾರಕ್ಕೂ ಬೆಲೆ ಉಂಟು, ಕೈಯಲ್ಲಿ ಏನಾದ್ರೂ ಕೊಡಿ, ಮತ್ತೆ ಮೂರು ತಿಂಗಳ ನಂತರ ಬೇರೆ ಏನೋ ಕೆಟ್ರೆ ಅವತ್ತು ನೀನು ಮುಟ್ಟಿದ್ದಕ್ಕೇ ಅಂತ ಹೇಳ್ಬೇಡಿ.

ಆ ಮಾವ ಈಗಲೂ ಹೋಟೆಲ್ ನಡೆಸ್ತಾರೆ. ಶನಿವಾರ ರಾತ್ರಿ ಗಲ್ಲಾ ಲೆಕ್ಕ ಆದ ಮೇಲೆ ಎರಡು ಪೆನ್‌ಡ್ರೈವಿಗೆ ಬ್ಯಾಕಪ್ ಹಾಕ್ತಾರೆ, ಒಂದು ಗಲ್ಲಾದ ಡ್ರಾಯರಲ್ಲಿ, ಒಂದು ಅತ್ತೆಯ ಹತ್ರ ಮನೆಯ ದೇವರ ಕಪಾಟಿನಲ್ಲಿ, ಅಳಿಸಿ ಹೋಗದ ಇಂಕಿನಲ್ಲಿ ತಾರೀಕು ಬರೆದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿದ ಮೇಲೆ ನನಗೇ ಫೋನ್ ಮಾಡಿದ್ರು, ಹೊಸ ಮಷಿನ್ ತಗೊಳ್ಬೇಕಾ ಇದಕ್ಕೇ ಆಗ್ತದಾ ಅಂತ. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದ್ರು, "ಡೇಟಾ ಕಾಪಿ ಆಗಿದೆ, ಮನೆಯ ಲ್ಯಾಪ್‌ಟಾಪಲ್ಲಿ ತೆರೆದೂ ನೋಡಿದ್ದೇನೆ. ಇನ್ನು ನೀನು ಬಾ."